ಹಲ್ಲಿಯ ವಿಷ, ಮಿದುಳಿನ ಆಸೆ
ಕಾಫಿ ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ ಚೆಲ್ಲಿರುತ್ತದೆ. ಅಂಗಿಯ ಒಂದು ಗುಂಡಿ ಹಾಕುವುದೇ ದೊಡ್ಡ ಕೆಲಸ. ಪಾರ್ಕಿನ್ಸನ್ ಕಾಯಿಲೆಯವರು ಇರುವ ಮನೆಗಳಿಗೆ ಈ ಸಂಕಟ ಗೊತ್ತು. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗುವುದೇ ಇದಕ್ಕೆ ಕಾರಣ. ಈಗಿರುವ ಮಾತ್ರೆಗಳು ನಡುಕ, ಬಿಗಿತ ತಗ್ಗಿಸುತ್ತವೆಯೇ ಹೊರತು ಆ ಸಾವನ್ನು ತಡೆಯುವುದಿಲ್ಲ. ತಡೆಯಬಹುದೆಂಬ ಆಸೆ ಹುಟ್ಟಿಸಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಸ್ರವಿಸಿ ಇನ್ಸುಲಿನ್ ಹೆಚ್ಚಿಸುತ್ತದೆ; ಆದರೆ ಅದು ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಅದನ್ನೇ ಹೋಲುವ, ಗಂಟೆಗಟ್ಟಲೆ ಉಳಿಯುವ 39 ಅಮೈನೋ ಆಮ್ಲಗಳ ಪೆಪ್ಟೈಡೊಂದನ್ನು ಡಾ. ಜಾನ್ ಎಂಗ್ ಈ ಹಲ್ಲಿಯ ವಿಷದಲ್ಲಿ ಕಂಡು 1992ರಲ್ಲಿ ಪ್ರಕಟಿಸಿದರು. 2005ರಲ್ಲಿ ಅದು ಎಕ್ಸೆನಟೈಡ್ ಹೆಸರಿನಲ್ಲಿ ಸಕ್ಕರೆ ಕಾಯಿಲೆಗೆ ಮದ್ದಾಯಿತು. ಜಿಎಲ್‌ಪಿ-1 ಬಂದು ಕೂರುವ ಗ್ರಾಹಕಗಳು ಮಿದುಳಿನಲ್ಲೂ ಇವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಪೆಪ್ಟೈಡ್ ಉರಿಯೂತ ತಗ್ಗಿಸಿ ನರಕೋಶಗಳನ್ನು ಉಳಿಸಿತು. ಲಂಡನ್ನಿನಲ್ಲಿ 62 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆ ಭರವಸೆ ಮೂಡಿಸಿತು. 2024ರಲ್ಲಿ ಫ್ರಾನ್ಸಿನಿಂದ, ಇದೇ ಬಳಗದ ಲಿಕ್ಸಿಸೆನಟೈಡ್ ಬಗ್ಗೆಯೂ ಒಳ್ಳೆಯ ಸುದ್ದಿ ಬಂತು. ಆದರೆ 2025ರಲ್ಲಿ ಪ್ರಕಟವಾದ, 194 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಎಕ್ಸೆನಟೈಡ್ ಕಾಯಿಲೆಯ ವೇಗವನ್ನು ತಗ್ಗಿಸಲಿಲ್ಲ. ಇಲಿಯ ಮಿದುಳಿನಿಂದ ಮನುಷ್ಯನ ಮಿದುಳಿಗೆ ಇರುವ ದಾರಿ ದೂರದ್ದು, ಆದರೂ ನಡೆಯಲೇಬೇಕಾದ ದಾರಿ. ಹುಡುಕಾಟ ಮುಂದುವರಿಯಲಿ. ಅಲ್ಲಿಯತನಕ, ಇದೇ ಬಳಗದ ತೂಕ ಇಳಿಸುವ ಚುಚ್ಚುಮದ್ದು ಮಿದುಳಿಗೂ ಒಳ್ಳೆಯದಂತೆ ಎಂಬ ಮಾತು ನಂಬಿ, ವೈದ್ಯರನ್ನು ಕೇಳದೆ ದಯವಿಟ್ಟು ಚುಚ್ಚಿಕೊಳ್ಳಬೇಡಿ.