ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆ

ಮಾಟುಂಗದ ಹೊಟೇಲೊಂದರಲ್ಲಿ ಅಡುಗೆ ಮಾಡುವ ಉಡುಪಿ ಕಡೆಯ ಹಿರಿಯರೊಬ್ಬರು ಕಳೆದ ವಾರ ನಮ್ಮ ಕಛೇರಿಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮಗಳ ಮದುವೆಗೆಂದು ಕೂಡಿಟ್ಟ ಹಣ ಒಂದೇ ಫೋನ್ ಕರೆಯಲ್ಲಿ ಹೋಯಿತೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. “ಬ್ಯಾಂಕು ವಿಲೀನವಾಗಿದೆ, ಕೆವೈಸಿ ಹೊಸದಾಗಿ ಆಗಬೇಕು, ಇಲ್ಲವಾದರೆ ಸಂಜೆಯೊಳಗೆ ಖಾತೆ ಬಂದ್” ಎಂದು ಆ ಧ್ವನಿ ಹೇಳಿತಂತೆ, ಅದೂ ಕನ್ನಡದಲ್ಲಿ. ಮೊಬೈಲಿಗೆ ಬಂದ ಓಟಿಪಿಯನ್ನು ಇವರು ಓದಿ ಹೇಳಿದರು. ಇದು ನಡೆದು ಹನ್ನೊಂದು ದಿನವಾಗಿತ್ತು. ಮನೆಯವರಿಗೂ ತಿಳಿಸಿರಲಿಲ್ಲ.

ಇವರನ್ನು ಅವಿವೇಕಿಯೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. ಬ್ಯಾಂಕಿನೊಡನೆ ನಮ್ಮವರ ನಂಟೇ ಬೇರೆ ಬಗೆಯದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿತ್ತು. ಬರುವವನು ಗುರುತಿನವನು. ಈಗಲೋ, 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಹೆಸರು ಹೋದರೂ ನಂಬಿಕೆ ಉಳಿಯಿತು. ವಂಚಕನು ಕೈಹಾಕುವುದು ಆ ನಂಬಿಕೆಗೇ.

ಆದರೆ ಪಿಗ್ಮಿಯವನು ಹಣ ಪಡೆದು ಲೆಕ್ಕ ಬರೆದುಕೊಡುತ್ತಿದ್ದನೇ ಹೊರತು ಪೆಟ್ಟಿಗೆಯ ಕೀಲಿಕೈಯನ್ನು ಕೇಳಿದವನಲ್ಲ. ಓಟಿಪಿ, ಪಿನ್ ಇವು ಕೀಲಿಕೈಗಳು. ನಿಜವಾದ ಬ್ಯಾಂಕು ಇವನ್ನು ಕೇಳುವುದಿಲ್ಲ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಗ್ರಾಹಕರಿಗೆ ಸೇವೆಯ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಸಂಶಯ ಬಂದೊಡನೆ ಕರೆಯನ್ನು ಕತ್ತರಿಸಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಸಂಖ್ಯೆಗೆ ತಾವೇ ಕರೆಮಾಡುವುದು ಮೇಲು. ಗೂಗಲಿನಲ್ಲಿ ಹುಡುಕಿದ ಸಂಖ್ಯೆಗಲ್ಲ, ಅಲ್ಲಿಯೂ ಕಳ್ಳರು ಕುಳಿತಿರುತ್ತಾರೆ. ನಾವು ಗಲ್ಲಾದಲ್ಲಿ ಕುಳಿತಿದ್ದ ವರ್ಷಗಳಲ್ಲಿ ಅವಸರಪಡಿಸುವ ಗಿರಾಕಿಯ ನೋಟನ್ನು ಎರಡು ಸಲ ನೋಡುತ್ತಿದ್ದೆವು.

ಮೋಸಹೋದವರು ನಾಚಿಕೆಯಿಂದ ಸುಮ್ಮನಿರುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಟ್ಟನ್ನು ಬಿಟ್ಟುಕೊಟ್ಟ ಪಕ್ಷದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು. ತಿಳಿಸಿದ ಬಳಿಕ ಆಗುವುದು ಬ್ಯಾಂಕಿನದು. ತಡಮಾಡದೆ 1930ಕ್ಕೆ ಕರೆಮಾಡಿದರೆ, ಹಣವು ಸೇರಿದ ಖಾತೆಯಲ್ಲಿ ಉಳಿದಿರುವಷ್ಟನ್ನಾದರೂ ತಡೆಹಿಡಿಯಲು ಸಾಧ್ಯವುಂಟು. ಎಟಿಎಮ್ಮಿನಿಂದ ಹೊರಬಿದ್ದದ್ದು ಹೋದಂತೆಯೇ.

ಬ್ಯಾಂಕಿನವರಿಗೂ ಒಂದು ಮಾತು. ಓಟಿಪಿಯೊಡನೆ “ಯಾರಿಗೂ ಹೇಳಬೇಡಿ” ಎಂಬ ಎಚ್ಚರಿಕೆ ಬರುತ್ತದೆ, ನಿಜ. ಆದರೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕಳ್ಳನು ಕನ್ನಡ ಕಲಿತು ಬರುವಾಗ ಬ್ಯಾಂಕಿಗೆ ಅಷ್ಟೂ ಆಗದೆ?

ಆ ಹಿರಿಯರ ದೂರನ್ನು ನಮ್ಮ ಕಛೇರಿಯಿಂದಲೇ 1930ಕ್ಕೆ ಬರೆಸಿದೆವು. ಮರುದಿನ ಅವರ ಬ್ಯಾಂಕಿಗೂ ಜೊತೆಯಲ್ಲಿ ಹೋಗಿ ಬಂದೆವು. ಮನೆಗೆ ತಿಳಿಸುವ ಕೆಲಸವನ್ನು ಮಾತ್ರ ಅವರು ನಮಗೆ ಬಿಡಲಿಲ್ಲ.