ಬಿಪಿ, ಶುಗರ್ ತಡೆಯುವ ಸರ್ಕಾರಿ ಹಣ: ಸಂತಪುರದಂಥ ಊರಿಗೆ ಹೇಗೆ ಬರುತ್ತದೆ?

"ಬಿಪಿ, ಶುಗರ್ ಇರುವವರಿಗೆ ಸರ್ಕಾರದಿಂದ ಹಣ, ಈ ಲಿಂಕ್ ಒತ್ತಿ" ಎನ್ನುವಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಈ ಕಾಯಿಲೆಗಳನ್ನು ತಡೆಯಲು ಸರ್ಕಾರದ ಅನುದಾನ ಇರುವುದು ನಿಜ. ಆದರೆ ಅದು ಲಿಂಕ್ ಒತ್ತಿದವರ ಖಾತೆಗೆ ಬರುವ ಹಣವಲ್ಲ. ತಪಾಸಣೆ, ಮಾತ್ರೆ, ಸಿಬ್ಬಂದಿಯ ರೂಪದಲ್ಲಿ ಊರಿಗೆ ಬರುತ್ತದೆ. ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಸಂತಪುರದಂಥ ಊರಿಗೆ ಅದು ತಲುಪುವ ದಾರಿ ನೋಡೋಣ.

ಹಣದ ದಾರಿಗಳು ಯಾವುವು?

ಮೊದಲನೆಯದು, 2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ. ಇದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಭಾಗ. ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40.

ಎರಡನೆಯದು, 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನ. 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಇಡೀ ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸಾಗಿತ್ತು. ಅದರಲ್ಲಿ 43,928 ಕೋಟಿ ಗ್ರಾಮೀಣ ಭಾಗಕ್ಕೆ.

ಮೂರನೆಯದು ಚಿಕ್ಕದು, ಆದರೆ ನಿಮಗೆ ಹತ್ತಿರದ್ದು. ಪ್ರತಿ ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಸಿಗುತ್ತದೆ. 1,500 ಜನರ ಹಳ್ಳಿಯಾದರೆ ತಲೆಗೆ 7 ರೂಪಾಯಿಯೂ ಆಗುವುದಿಲ್ಲ.

ಇದಲ್ಲದೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತ್ಯೇಕ ಹಣವಿದೆ.

ಎಲ್ಲರಿಗೂ ಸಮನಾಗಿ ಹಂಚಿದರೆ ಸಾಕಲ್ಲವೇ?

ಸಾಲದು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದ' ಎಂದು ಗುರುತಿಸಿತು. ಅದರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಔರಾದ್ ಮತ್ತು ಭಾಲ್ಕಿ ಎರಡೂ ಆ ಪಟ್ಟಿಯಲ್ಲಿವೆ.

ಮಾತ್ರೆ ಉಚಿತವಾದರೂ ಅದನ್ನು ತರಲು ಹೋಗುವ ಕೂಲಿಯವರಿಗೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಕೆಲಸ ಹುಡುಕಿ ಹೈದರಾಬಾದ್, ಪುಣೆಗೆ ಹೋದವರ ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ. ಗಡಿಭಾಗದ ಎಷ್ಟೋ ಮನೆಗಳ ಮಾತು ಮರಾಠಿ, ತೆಲುಗು ಅಥವಾ ಉರ್ದು. ಕನ್ನಡದಲ್ಲಿ ಮಾತ್ರ ಬರೆದ ಬೋರ್ಡು ಅವರಿಗೆ ಉಪಯೋಗವಿಲ್ಲ. ಇಂಥ ಊರಿಗೆ ತಲಾ ಲೆಕ್ಕದಲ್ಲಿ ಬೆಂಗಳೂರಿನಷ್ಟೇ ಹಣ ಕೊಟ್ಟರೆ ಅದು ಸಮಾನ ಹಂಚಿಕೆಯಾಗಬಹುದು, ಆದರೆ ಆರೋಗ್ಯ ಸಮಾನತೆ ಆಗುವುದಿಲ್ಲ.

"ನನಗೇನೂ ಆಗಿಲ್ಲ, ತಪಾಸಣೆ ಯಾಕೆ?"

ಬಿಪಿ ಸಾಮಾನ್ಯವಾಗಿ ಲಕ್ಷಣ ತೋರಿಸುವುದಿಲ್ಲ. ಕೆಲವರಿಗೆ ಪಾರ್ಶ್ವವಾಯು ಹೊಡೆದ ಮೇಲೆಯೇ ಗೊತ್ತಾಗುತ್ತದೆ. ಅದಕ್ಕೇ 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಈ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಸೊಂಟದ ಅಳತೆ ಕೇಳುವುದು ಇದರ ಮೊದಲ ಹೆಜ್ಜೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯದ 'ಗೃಹ ಆರೋಗ್ಯ' ಯೋಜನೆಯೂ ಮನೆ ಬಾಗಿಲಿಗೆ ತಪಾಸಣೆ ತರುವಂಥದ್ದೇ.

ತೊಡಕು ಎಲ್ಲಿದೆ?

ಹೊಸ ಕಟ್ಟಡ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಯೂ ಆಗುತ್ತದೆ. ತಪ್ಪಿದ ಪಾರ್ಶ್ವವಾಯು ಯಾರಿಗೂ ಕಾಣುವುದಿಲ್ಲ. ಹಾಗಾಗಿ ತಡೆಗಟ್ಟುವ ಕೆಲಸಕ್ಕೆ ಹಣ ಕೇಳುವ ದನಿ ಕಡಿಮೆ. ಇನ್ನೊಂದು ವಿಷಯ: ಎಷ್ಟು ಜನರನ್ನು ಪರೀಕ್ಷಿಸಿದರು ಎನ್ನುವ ಸಂಖ್ಯೆ ಸುಲಭವಾಗಿ ದೊಡ್ಡದಾಗುತ್ತದೆ. ಅವರಲ್ಲಿ ಎಷ್ಟು ಜನರ ಬಿಪಿ ಹತೋಟಿಗೆ ಬಂತು ಎನ್ನುವುದೇ ನಿಜವಾದ ಲೆಕ್ಕ.

ನೀವು ಏನು ಮಾಡಬಹುದು?

ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ:

1. ಹಳ್ಳಿಯ ಆರೋಗ್ಯ ಸಮಿತಿಗೆ ಈ ವರ್ಷ ಎಷ್ಟು ಹಣ ಬಂತು, ಯಾವುದಕ್ಕೆ ಖರ್ಚಾಯಿತು?
2. ಬಿಪಿ, ಶುಗರ್ ಮಾತ್ರೆ ಉಪಕೇಂದ್ರದಲ್ಲೇ ಸಿಗುತ್ತಿದೆಯೇ? ಎಷ್ಟು ದಿನಕ್ಕಾಗುವಷ್ಟು ಕೊಡುತ್ತಾರೆ?
3. ಕಾಯಿಲೆ ಪತ್ತೆಯಾದವರಲ್ಲಿ ಎಷ್ಟು ಜನ ಈಗಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ?

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ರೋಗಿಗಳ ಹೆಸರು ಕೇಳಬೇಡಿ, ಸಂಖ್ಯೆ ಸಾಕು. ಗ್ರೂಪಿನಲ್ಲಿ ಹಂಚುವುದಿದ್ದರೆ ಲಿಂಕ್ ಬಿಟ್ಟು ಈ ಮೂರು ಪ್ರಶ್ನೆಗಳನ್ನು ಹಂಚಿ.