ಎರಡು ಬಾಟಲಿ ಮತ್ತು 40,000 ಕೋಟಿ

ಗುಬ್ಬಿ, ಕುಣಿಗಲ್‌ಗಳ ನೆರೆಯ ತುರುವೇಕೆರೆಯ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪನವರು 2025ರ ಮಾರ್ಚ್‌ನಲ್ಲಿ ವಿಧಾನಸಭೆಯ ಮುಂದೆ ಒಂದು ಬೇಡಿಕೆಯಿಟ್ಟರು. ಮಹಿಳೆಯರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತೀರಿ, ಉಚಿತ ಬಸ್ಸು ಕೊಡುತ್ತೀರಿ. ಕುಡಿಯುವ ಗಂಡಸರಿಗೆ ವಾರಕ್ಕೆರಡು ಬಾಟಲಿ ಮದ್ಯವನ್ನೂ ಉಚಿತವಾಗಿ ಕೊಡಿ ಎಂದರು. ಚುನಾವಣೆ ಗೆದ್ದು ಸರಕಾರ ರಚಿಸಿ ನೀವೇ ಕೊಡಿ, ನಾವು ಕುಡಿತವನ್ನು ಕಡಿಮೆ ಮಾಡಲು ಯತ್ನಿಸುತ್ತಿದ್ದೇವೆ ಎಂಬುದು ಸಚಿವ ಕೆ.ಜೆ. ಜಾರ್ಜ್ ಅವರ ಉತ್ತರ. ಆದರೆ ಅದೇ ತಿಂಗಳು ಅದೇ ಸರಕಾರ ಮಂಡಿಸಿದ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ! ಕುಡಿತ ಕಡಿಮೆಯಾದರೆ ಈ ಹಣ ಯಾವ ಕೊಳವೆಬಾವಿಯಿಂದ ಚಿಮ್ಮಬೇಕು? ಆಳುವ ಪಕ್ಷದವರೇ ಆದ ಬಿ.ಆರ್. ಪಾಟೀಲರು ಅಬಕಾರಿ ಆದಾಯವನ್ನು ಪಾಪದ ಹಣವೆಂದರು. ಬಾಟಲಿಯ ಸುದ್ದಿಗೆ ಸಿಕ್ಕ ಪ್ರಚಾರ ಆ ಮಾತಿಗೆ ಸಿಗಲಿಲ್ಲ.

ಕೃಷ್ಣಪ್ಪನವರ ಮಾತನ್ನು ತಮಾಷೆಯೆಂದು ಬಿಟ್ಟುಬಿಡಬಹುದಿತ್ತು, ಅವರ ಪಕ್ಷದ ಚರಿತ್ರೆ ಗೊತ್ತಿಲ್ಲದಿದ್ದರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಹಣಕಾಸು ಸಚಿವ ಬಿಜೆಪಿಯ ಯಡಿಯೂರಪ್ಪ. ಸಾರಾಯಿ ಹೋಯಿತು; ಬಡವನ ಕೈಗೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಂಪೂರ್ಣ ಮದ್ಯ ನಿಷೇಧಕ್ಕಾಗಿ ಬಡ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಮ್ಮ ಶಿರಾ, ತುಮಕೂರಿನ ಹೆದ್ದಾರಿಯಲ್ಲೇ ಪಾದಯಾತ್ರೆ ನಡೆಸಿದರು. ಆಗಲೂ ಮುಖ್ಯಮಂತ್ರಿ ಕುಮಾರಸ್ವಾಮಿಯವರೇ. ನಿಷೇಧ ಬರಲಿಲ್ಲ. ಆರು ವರ್ಷಗಳ ಬಳಿಕ ಅದೇ ಪಕ್ಷದಿಂದ ಉಚಿತ ಬಾಟಲಿಯ ಬೇಡಿಕೆ.

ಇತರರೇನೂ ಭಿನ್ನರಲ್ಲ. 2020ರ ರಮಝಾನಿನಲ್ಲಿ ಮಸೀದಿ, ಮಂದಿರಗಳು ಮುಚ್ಚಿದ್ದವು (ಅದು ಸರಿಯೇ ಆಗಿತ್ತು). ಆದರೆ ಮೇ 4ರಂದು ಬಿಜೆಪಿ ಸರಕಾರ ಮದ್ಯದಂಗಡಿಗಳ ಬಾಗಿಲು ತೆರೆಸಿತು. 2023ರ ಜನವರಿಯಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕಿಳಿಸುವ ಕರಡನ್ನು ಹೊರಡಿಸಿ, ವಿರೋಧ ಬಂದೊಡನೆ ಹಿಂತೆಗೆಯಿತು. ಅದೇ ವರ್ಷ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಗ್ರಾಮ ಪಂಚಾಯತಿಗಳಿಗೂ ಹೊಸ ಅಂಗಡಿಗಳನ್ನು ಒಯ್ಯುವ ಮಾತೆತ್ತಿ, ಆಕ್ಷೇಪ ಕೇಳಿಬಂದಾಗ ನುಂಗಿಕೊಂಡಿತು. ಎರಡು ಸಲವೂ ಕೆಲಸ ಮಾಡಿದ್ದು ಮನಸ್ಸಾಕ್ಷಿಯಲ್ಲ, ಮತದ ಲೆಕ್ಕ.

ನಮ್ಮ ಸಂವಿಧಾನದ 47ನೇ ವಿಧಿಯು ಔಷಧದ ಬಳಕೆಯೊಂದನ್ನು ಹೊರತುಪಡಿಸಿ ಮಾದಕ ಪಾನೀಯಗಳ ನಿಷೇಧಕ್ಕೆ ಸರಕಾರ ಶ್ರಮಿಸಬೇಕೆನ್ನುತ್ತದೆ. ಅಮೆರಿಕದ ಕಮಲಾ ಹ್ಯಾರಿಸ್ 2010ರಲ್ಲಿ ಗಾಂಜಾ ಸಕ್ರಮಗೊಳಿಸುವುದನ್ನು ವಿರೋಧಿಸಿ, 2024ರ ಚುನಾವಣೆಯಲ್ಲಿ ಅದನ್ನೇ ಬೆಂಬಲಿಸಿದರು. ಅಲ್ಲಿನ ಗಾಂಜಾ ಚರ್ಚೆಯಲ್ಲಿ ರೋಗಿಯ ನೋವಿನ ಮಾತಾದರೂ ಇದೆ. ಇಲ್ಲಿ ಆ ನೆಪವೂ ಬೇಕಿಲ್ಲ; ಖಜಾನೆಯೇ ರೋಗಿ, ಮದ್ಯವೇ ಮದ್ದು.

ಇನ್ನು ನಮ್ಮ ವಿಷಯ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಮೊಹಲ್ಲಾಗಳಿಗೆ ಮತ ಯಾಚಿಸಿ ಬರುವ ಅಭ್ಯರ್ಥಿಯ ಬಳಿ ನಾವು ಕೇಳುವುದೇನು? ಖಬರಸ್ತಾನಕ್ಕೊಂದು ಕಾಂಪೌಂಡು, ಊರಿಗೊಂದು ಶಾದಿ ಮಹಲ್. ಮದ್ಯ ನಮಗೆ ಹರಾಮ್, ಹಾಗಾಗಿ ಅದು ಇತರರ ಸಮಸ್ಯೆ ಎಂಬ ಭ್ರಮೆ ನಮ್ಮದು. ಆಟೋ ಓಡಿಸುವ, ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಹುಡುಗರ ಸಂಜೆಯ ಸಂಪಾದನೆ ಎಲ್ಲಿ ಕರಗುತ್ತಿದೆಯೆಂದು ಅವರ ತಾಯಂದಿರನ್ನು ಕೇಳಿ ನೋಡಿ.

ಮುಂದಿನ ಚುನಾವಣೆಯಲ್ಲಿ ಜುಮಾ ನಮಾಝ್ ಮುಗಿಯುವ ಹೊತ್ತಿಗೆ ಅಭ್ಯರ್ಥಿಗಳು ಮಸೀದಿಯ ಹೊರಗೆ ಕೈಮುಗಿದು ನಿಲ್ಲುತ್ತಾರೆ. ಕ್ಷೇತ್ರದಲ್ಲಿ ಹೊಸ ಮದ್ಯದಂಗಡಿಗೆ ಪರವಾನಗಿ ಕೊಡುವುದನ್ನು ವಿರೋಧಿಸುತ್ತೀರಾ, ಇಲ್ಲವಾ ಎಂದು ಕಾಂಪೌಂಡಿನ ಅರ್ಜಿಗೆ ಮೊದಲು ಜಮಾಅತ್ ಕಮಿಟಿಯವರು ಕೇಳಲಿ. ಉತ್ತರವನ್ನು ಬರೆಸಿ, ಸಹಿ ಹಾಕಿಸಿಕೊಂಡು, ಸೂಚನಾ ಫಲಕಕ್ಕೆ ಅಂಟಿಸಲಿ. ಐದು ವರ್ಷ ಅದು ಅಲ್ಲೇ ಇರಲಿ.